ಕಡಿತ

ಐದು ಸಾವಿರ ಕೇಳಿದ್ಲು ಹುಲಿಗೆವ್ವ.
ನಾ ಎಣಿಸಿ ಕೊಟ್ಟಿದ್ದು ನಾಕು ಸಾವಿರದ ಎಂಟುನೂರಾ ಐವತ್ತು.
ಮೊದಲ ತಿಂಗಳದ್ದು ಮುರಕೊಂಡ ಕೊಡೂದು ಗುಳೇದಗುಡ್ಡದ ರೂಢಿ,
ನಾ ಹುಟ್ಟಿಸಿದ್ದಲ್ಲ.
ವಹಿಯೊಳಗ ಬರದೆ:
ಕಡಿತ, ನೂರಾ ಐವತ್ತು.

ಒತ್ತಿ ಏನ್ ಇಡ್ತಿ ಅಂದೆ.
ಬಂಗಾರ ಎಂದೋ ಸೊಸೈಟಿ ಕಪಾಟಿನ್ಯಾಗ.
ಬಗಲಾಗಿನ ಗಂಟು ಬಿಚ್ಚಿ ಕೌದಿ ಹಾಸಿದ್ಲು:
ಅವ್ವನ ಹರಕ ಖಣ, ಅಕ್ಕನ ಹರಕ ಖಣ,
ಬಣ್ಣ ಹೋದ ಆನೆಹೆಜ್ಜಿ ಸಾಲು ಸಾಲು.
ನಕ್ಕೆ ನಾ. ಇದನ್ನ ಯಾರ್ ಕೊಳ್ತಾರ ತಂಗಿ?
ಅಕಿ ನಗಲಿಲ್ಲ.
ನನ್ನ ಹಂತ್ಯಾಕ ಇರೂದು ಇದ ಅಕ್ಕ, ಅಂದ್ಲು.

ಬುಧವಾರ ಸಂಜಿಕ ನಮ್ಮ ಮನ್ಯಾಗ ಪ್ರಾರ್ಥನಿ.
ಎಲೀಷ ಮಾಸ್ತರು ಎಪ್ಪತ್ತು ದಾಟಿದ ಮ್ಯಾಲ ಹೀಬ್ರೂ ಕಲಿತವರು,
ಬಲದಿಂದ ಎಡಕ್ಕ ಬೆರಳಿಟ್ಟು ಓದ್ತಾರ,
ಮನಿಗೆ ವಾಪಸ್ ಹೊಂಟಾಂವನ ಹಾಂಗ, ಸಾವಕಾಶ.
ನಮ್ಮ ಬಡ್ಡಿ ವೃದ್ಧಿಯಿಂದ ಬಂದೈತಿ, ಅಂದ್ರು,
ಬೆಳಿಯೂದು.
ಅವರಲ್ಲೂ ಬೆಳಿಯೂದು ಅನ್ನೂ ಮಾತೈತಿ,
ಅದು ಕೊಟ್ಟಾಂವ ಇಟ್ಟ ಹೆಸರು ಇರಬೇಕು.
ಇನ್ನೊಂದು ಐತಿ, ನೆಶೆಖ್.
ಅಂದ್ರ ಕಡಿಯೂದು. ಹಾವು ಕಡಿಯೂ ಕಡಿತ.
ಅದನ್ನ ತಗೊಂಡಾಂವ ಇಟ್ಟಾನ.

ಚಾ ಆರಿತು.
ಟ್ರಂಕಿನ ಮ್ಯಾಲ ವಹಿ, ಟ್ರಂಕಿನ ಒಳಗ ಕೌದಿ.
ನನ್ನ ಕೈಯಾರೆ ಬರದೀನಿ ಆ ಶಬ್ದ,
ಹೀಬ್ರೂ ಬರದಾಕಿ ನಾ.

ಮಾಸ್ತರು ಇನ್ನೂ ಹೇಳಿದ್ರು:
ಬಡವನ ಹೊದಿಕಿ ಒತ್ತಿ ಹಿಡದ್ರ
ಸೂರ್ಯ ಮುಳುಗೂದ್ರಾಗ ತಿರುಗಿ ಮುಟ್ಟಸಬೇಕಂತ.
ಸಾಲ ಕೊಟ್ಟಾಂವ ಹೊಸ್ತಿಲಾ ದಾಟಬಾರದಂತ, ಹೊರಗ ನಿಂದರಬೇಕು.
ಬೀಸೂ ಕಲ್ಲು ಒತ್ತಿ ಹಿಡೀಬಾರದು;
ನಮ್ಮೂರಿಗೆ ಬಂದಿದ್ರ ಮೋಶೆ ಮಗ್ಗ ಅಂತಿದ್ದ.

ನಾನೂ ಓದೀನಲ್ಲ.
ಆದ್ರ ಮಾಸ್ತರ, ಪರದೇಶಿ ಕಡಿಂದ ತಗೋಬಹುದು ಅಂತ
ಅಲ್ಲೇ ಐತಲ್ಲ, ಎರಡು ಸಾಲು ಕೆಳಗ?
ಹುಲಿಗೆವ್ವ ನಮ್ಮ ಸಭೆಯಾಕಿ ಅಲ್ಲ.

ಚಷ್ಮಾ ತಗದ್ರು, ಧೋತರದ ಚುಂಗಿಗೆ ಒರಿಸಿದ್ರು.
ಐತಿ. ಅದನ್ನ ನಾ ಅಳಸಾಕ ಬರೂದಿಲ್ಲ.
ಅಲ್ಲಿ ಪರದೇಶಿ ಅಂದ್ರ ಕತ್ತಿ ಮ್ಯಾಲ ಸರಕು ಹೇರಿ
ಲಾಭಕ್ಕ ಬಂದ ವ್ಯಾಪಾರಿ ಅಂತಾರ ಕೆಲವರು. ನನಗೂ ಖಾತ್ರಿ ಇಲ್ಲ.
ಕನ್ನಡದಾಗ ಪರದೇಶಿ ಅಂದ್ರ ಯಾರು,
ನೀನ ಹೇಳು ಪ್ರಿಸಿಲ್ಲಾ.

ನಾ ಹೇಳಲಿಲ್ಲ.
ಚರ್ಚಿನ ಹಳೇ ರಿಜಿಸ್ಟರಿನ್ಯಾಗ ನಮ್ಮ ಮುತ್ತಜ್ಜಿ ಬಂದ ದಿನ ಐತಿ,
ದೊಡ್ಡ ಬರದ ವರ್ಷ, ವಯಸ್ಸು ಆರೋ ಏಳೋ.
ತಂದಿ ಹೆಸರು ಬರಿಯೂ ಜಾಗಾದಾಗ
ಒಂದ ಮಾತು, ಮಸಿ ಹರಡಿ:
ಪರದೇಶಿ.

ಕೆಂಪು ಬಂಡಿಗಲ್ಲಿನ ಹಿಂದ ಹೊತ್ತು ಇಳೀತಿತ್ತು.
ಕೌದಿ ಬಗಲಾಗ ಇಟಗೊಂಡು ಹ್ವಾದೆ.
ಹೊರಗ ನಿಂತು ಕರದೆ, ಹುಲಿಗೆವ್ವಾ.
ಕಾಲು ನಿಂತ್ರೂ ಕಣ್ಣು ಒಳಗ ಹೋಗಿ ಬಂದ್ವು,
ಒಂದು ಒಲಿ, ಗೋಣಿಚೀಲದ ಮ್ಯಾಲ ಎರಡು ಹುಡುಗ್ರು.
ಅದಕ್ಕ ಏನಾರ ಕಾನೂನು ಐತೇನು, ಕೇಳಬೇಕು ಮಾಸ್ತರನ್ನ.

ಮರುದಿನ ಮುಂಜಾನೆ ಬಾಗಲ್ದಾಗ ಅಕಿ, ಕೈಯಾಗ ಕೌದಿ.
ಒತ್ತಿ ಅಂದ್ರ ಒತ್ತಿ ಅಕ್ಕ, ಮಾತು ಮಾತ.
ಸಂಜಿಕ ನಾ. ಮುಂಜಾನೆ ಅಕಿ.
ಇವತ್ತಿಗೆ ಹನ್ನೊಂದು ದಿನ.
ಲಾಳಿ ಆಗೀರಲ್ಲ ಇಬ್ಬರೂ, ಅಂತಾಳ ಬಾಜೂಮನಿ ಸಂಕವ್ವ,
ಏನ್ ನೇಯಾಕತ್ತೀರಿ?

ಬಡ್ಡಿ ಇನ್ನೂ ಹೊಡದಿಲ್ಲ ವಹಿಯೊಳಗಿಂದ.
ಮೂರು ಸರ್ತಿ ಪೆನ್ನಿನ ಟೊಪಗಿ ತಗದೀನಿ, ಹಾಕೀನಿ.
ಆ ನೂರಾ ಐವತ್ತು ಎಂದೋ ಖರ್ಚಾಗೈತಿ,
ಯಾತಕ್ಕ ಅನ್ನೂದೂ ನೆನಪಿಲ್ಲ.

ಮುಂಜಾನೆ ಕೈಗೆ ಕೊಡ್ತಾಳಲ್ಲ,
ಕೌದಿ ಇನ್ನೂ ಬೆಚ್ಚಗಿರತೈತಿ.
ಟ್ರಂಕಿನ್ಯಾಗ ಇಡಾಕ ಮನಸ್ಸಾಗೂದಿಲ್ಲ,
ಹೊತ್ತು ಏರೂ ತನಕ ತೊಡಿ ಮ್ಯಾಲ ಇಟಗೊಂಡು ಕೂಡ್ತೀನಿ,
ಅದೂ ನನ್ನ ಗಳಿಕಿನ ಅನ್ನೂ ಹಾಂಗ.