ಸಿಹಿಯೋ ಉಪ್ಪೋ

ದೋಣಿಯ ತಳದಲ್ಲಿ ನೀರು ಕಂಡರೆ
ಮೊದಲು ಬೆರಳದ್ದಿ ನೆಕ್ಕಿ ನೋಡು.
ಉಪ್ಪಾದರೆ ಓಡು,
ಸಿಹಿಯಾದರೆ ಕೂತು ಯೋಚಿಸು.
ಹೀಗೆಂದವನು ಉಶೀಯೊ,
ನೀಲಿಚಿಪ್ಪಿನ ತೆಪ್ಪಗಳಿಗೆ ಹಗ್ಗ ಬಿಗಿದು ಬಿಗಿದು
ಮುರೋಸಿನ ಕಡಲಿಗೆ ಎರಡು ಬೆರಳು ಕೊಟ್ಟವನು.

ನೆಕ್ಕಿದೆ.
ಡೀಸೆಲ್ಲು, ಕೊಳೆತ ಈರುಳ್ಳಿ, ಒದ್ದೆ ನಾಯಿ,
ಅವೆಲ್ಲದರ ತಳದಲ್ಲೆಲ್ಲೋ
ಸಪ್ಪೆ.
ಕಡಲು ಒಳಗೆ ಬಂದಿಲ್ಲ.
ನಾವೇ ಹೊರಗೆ ಹೋಗುತ್ತಿದ್ದೇವೆ
ರಾತ್ರಿಗೆ ಎಂಟು ಲೀಟರಿನಂತೆ.
ನಡುರಾತ್ರಿ ಪಂಪು ತಾನೇ ಎದ್ದು
ಗೊರಗೊರ ಕೆಮ್ಮಿ
ಕುಡಿಯುವ ನೀರನ್ನು ಬಂದರಿಗೆ ಉಗುಳಿ
ಮತ್ತೆ ಮಲಗುತ್ತದೆ, ಕೆಲಸ ಮುಗಿಸಿದವರ ಹಾಗೆ.

ಹಾಸಿಗೆ ಎತ್ತಿದೆ, ಹಲಗೆ ಎತ್ತಿದೆ.
ಕೆಳಗೆ ತೊಟ್ಟಿ,
ಹಾಲುಗಣ್ಣಿನ ಬಿಳಿ ಪ್ಲಾಸ್ಟಿಕ್ಕು, ಇನ್ನೂರು ಲೀಟರು.
ತೊಟ್ಟಿ ಇಟ್ಟು ಆಮೇಲೆ ದೋಣಿ ಕಟ್ಟಿದ್ದಾರೆ.
ಯಾವ ಬಾಗಿಲಿಂದಲೂ ಹೊರಬರದು.
ನಾನೇ ಅದರ ಬಳಿಗೆ ಹೋಗಬೇಕು,
ಅರವತ್ತೊಂದರ ಮಂಡಿಗಳನ್ನು ಮಡಚಿ
ಬಾಯಲ್ಲಿ ಟಾರ್ಚು ಕಚ್ಚಿ.

ತೂತು ಎಲ್ಲಿ?
ನೀರಿಗೆ ಬಣ್ಣವಿಲ್ಲ, ಅದೇ ಅದರ ಕಳ್ಳತನ.
ಅಡುಗೆಗೂಡಿನಿಂದ ಅನ್ನಕ್ಕೆ ಹಾಕುವ ಕೇಸರಿ ಪುಡಿ ತಂದು
ಇಡೀ ಪೊಟ್ಟಣ ಸುರಿದೆ ಒಳಗೆ.
ಕಾದೆ.
ಒಂದು ಸಿಗರೇಟು, ಅರ್ಧ ರೊಟ್ಟಿ.
ಆಮೇಲೆ ಹಿಂದಿನ ಮೂಲೆಯಲ್ಲಿ
ಒಂದು ಹನಿ, ಅಸ್ತಮಾನದ ಬಣ್ಣದ್ದು,
ಗೋಡೆ ಹಿಡಿದು ಇಳಿಯಿತು ನಿಧಾನಕ್ಕೆ,
ಸಿಕ್ಕಿಬಿದ್ದರೂ ನಾಚದೆ.

ಅಂಟು ಹಚ್ಚಿದೆ.
ಬೆಳಿಗ್ಗೆಗೆ ಬೆಂದ ಮೊಟ್ಟೆಯ ಸಿಪ್ಪೆಯಂತೆ ಕೈಗೆ ಬಂತು.
ಬೇರೆ ಅಂಟು, ಹೆಚ್ಚು ಬೆಲೆಯದು.
ಅದೂ ಬಂತು.
ಉಶೀಯೊ ನಕ್ಕ.
'ಇವಳು ಯಾರಿಗೂ ಅಂಟುವ ಪೈಕಿಯಲ್ಲ ಇರಿಯಾ,
ಇವಳಿಗೆ ಇವಳ ಕುಲದವರೇ ಬೇಕು.'
ತೆಪ್ಪದಿಂದ ಕಿತ್ತುಬಂದ ತೇಲುಬುಂಡೆಯೊಂದನ್ನು
ಮೀನು ಸೀಳುವ ಚಾಕುವಿನಿಂದ ಪಟ್ಟಿ ಪಟ್ಟಿ ಸೀಳಿದ.
ಅದೇ ಪ್ಲಾಸ್ಟಿಕ್ಕು, ಇಪ್ಪತ್ತು ವರ್ಷ ಬಿಸಿಲು ತಿಂದದ್ದು.

ತೊಟ್ಟಿ ಬರಿದಾಯಿತು, ಒಣಗಿತು.
ಕಾದ ಕಬ್ಬಿಣದ ಮೂತಿ ಹಿಡಿದು
ಪಟ್ಟಿಯನ್ನೂ ಗೋಡೆಯನ್ನೂ ಒಟ್ಟಿಗೆ ಬೆಚ್ಚಗೆ ಮಾಡಿದ.
'ಎರಡೂ ಕರಗಬೇಕು.
ಒಂದೇ ಕರಗಿದರೆ ಅದು ಬೆಸುಗೆಯಲ್ಲ,
ಬರೀ ಮುಲಾಮು.'
ಗೋಡೆಯ ಬಿಳುಪು ಹೋಗಿ ಗಾಜಾಗುವ ಆ ಗಳಿಗೆ,
ಆಗ ಒತ್ತು, ಅದಕ್ಕಿಂತ ಮುಂಚೆ ಬೇಡ, ತಡವೂ ಬೇಡ.
ಮೇಣದಬತ್ತಿಯ ವಾಸನೆ ತುಂಬಿತು.
ನನ್ನ ಕೈ ನಡುಗುತ್ತಿತ್ತು, ಅವನ ಮೂರು ಬೆರಳು ನಡುಗಲಿಲ್ಲ.

ಪಕ್ಕದಲ್ಲೇ ಇನ್ನೊಂದು ಹಳೆಯ ಬೆಸುಗೆ ಕಂಡಿತು,
ಒರಟು, ದಪ್ಪ, ಹುಣ್ಣು ಮಾಯ್ದ ಕಲೆಯಂತೆ.
ಅದರ ಕೆಳಗೆ ಪೆನ್ಸಿಲ್ಲು:
'ಮಾರ್ಸಿಯಲ್. ಜೂನ್ ತೊಂಬತ್ತಮೂರು. ಇನ್ನು ಸೋರದು.'
ಅವನ ಮಗಳು ದೋಣಿ ಮಾರುವಾಗ
ಹಾಯಿಯ ಬಗ್ಗೆ ಹೇಳಿದಳು, ಹರಿಗೋಲಿನ ಬಗ್ಗೆ ಹೇಳಿದಳು,
ಇದರ ಸುದ್ದಿ ಎತ್ತಲಿಲ್ಲ.
ನೋಡಿದಿರಾ, ಅಂದೆ, ಮುದುಕ ಸುಳ್ಳು ಬರೆದಿದ್ದಾನೆ.

ಉಶೀಯೊ ಮಾತಾಡಲಿಲ್ಲ.
ಅವನ ಹೆಬ್ಬೆರಳು ಹಳೆಯ ಕಲೆಯ ಮೇಲೆ ಓಡಿತು,
ಒಣಗಿತ್ತು.
ಆಮೇಲೆ ಮೇಲಿನ ಹಲಗೆಯಿಂದ ಒಂದು ಸ್ಕ್ರೂ ತಿರುಗಿಸಿ ತೆಗೆದು
ಬೆಳಕಿಗೆ ಹಿಡಿದ.
ಹೊಸದು. ಹೊಳೆಯುವಂಥದ್ದು.
ಬೇಕಾದ್ದಕ್ಕಿಂತ ಉಗುರಿನಷ್ಟು ಉದ್ದ.
ತುದಿಯಲ್ಲಿ ಕೇಸರಿ.

ಹೋದ ಈಸ್ಟರಿಗೆ
ಪುಸ್ತಕಗಳಿಗೆಂದು ನಾನೊಂದು ಕಪಾಟು ಹಾಕಿದ್ದೆ.
ಕಿಟಕಿಯಾಚೆ ಒಂದು ಕಡಲಕ್ಕಿ
ಕಂಬದ ಮೇಲೆ ಕೂತು ಏನನ್ನೋ ನುಂಗುತ್ತಿತ್ತು.
ಅದನ್ನೇ ನೋಡಿದೆ, ಬಹಳ ಹೊತ್ತು.

ಅವನು ಹೋದ ಮೇಲೆ
ಮಾರ್ಸಿಯಲ್‌ನ ಕೆಳಗೆ ಬರೆದೆ:
'ಇರಿಯಾ. ಅಕ್ಟೋಬರ್.'
ಮುಂದಿನದನ್ನು ಬರೆಯಲು ಪೆನ್ಸಿಲ್ಲಿತ್ತು,
ಜಾಗವೂ ಇತ್ತು.

ತೊಟ್ಟಿ ತುಂಬಿಸಿದೆ. ಪಂಪು ರಾತ್ರಿಯಿಡೀ ಸುಮ್ಮನಿತ್ತು.
ಆದರೂ ಮೂಲೆಯಡಿ ಒಂದು ಬಟ್ಟಲಿಟ್ಟೇ ಮಲಗಿದ್ದೆ.
ಬೆಳಿಗ್ಗೆ ಅದರಲ್ಲಿ ಸತ್ತ ನೊಣವೊಂದೇ.
ಚಹಾ ಮಾತ್ರ
ಇನ್ನೂ ಒಂದು ತಿಂಗಳು
ಕೇಸರಿ.