ಬಾಲ ತಿರುಗಿದ ಅಂಕಿ

ಮೊದಲ ಸಂಗೀತ ೨೯. ಎರಡನೆಯದು ೧೦೬.
ಪ್ರಸಂಗದ ನಂತರದ್ದು ೩೧೦.
ಮೂವತ್ತೊಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಏಳೂವರೆಗೆ
ಸ್ಟೂಲು ಹತ್ತಿ, ತೇಗದ ಈ ಅಂಕಿಗಳನ್ನು
ಹಲಗೆಯ ಕಂಡಿಗೆ ಸಿಕ್ಕಿಸುವವನು ನಾನು,
ಜಯಶೀಲ ಐಮನ್, ಪರೇಲ್ ವರ್ಕ್‌ಶಾಪಿನ ನಿವೃತ್ತ ಫಿಟ್ಟರ್.
ಅಂಕಿ ಕೊರೆದವನು ನನ್ನ ಅಪ್ಪ.
ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಕೊರೆದ ಕೈ
ಬೈಕುಲಾದ ಚಾಳಿನಲ್ಲಿ ದೇವರ ಲೆಕ್ಕ ಕೊರೆಯಿತು.

ಈಗ ಪರದೆ ಬಂದಿದೆ.
ಶಿಲುಬೆಗೆ ತಾಗದಂತೆ, ಎರಡಿಂಚು ಬಿಟ್ಟು.
ಆ ಎರಡಿಂಚಿಗಾಗಿ ಕಮಿಟಿ ಮೂರು ತಿಂಗಳು ಕೂತಿತ್ತು.
ಪರದೆಯ ಮೇಲೆ ಕನ್ನಡದ ಹಾಡು, ದೇವನಾಗರಿಯಲ್ಲಿ.
ಮಕ್ಕಳಿಗೆ ಶಾಲೆಯಲ್ಲಿ ಮರಾಠಿ ಕಡ್ಡಾಯ,
ಕನ್ನಡ ಅಜ್ಜಿಯ ಬಾಯಲ್ಲಷ್ಟೇ.
'ಅಕ್ಷರ ಹೋದರೆ ಹೋಗಲಿ, ಸ್ವರವಾದರೂ ಉಳಿಯಲಿ' ಎಂದರು
ಹೊಸ ಸಭಾಪಾಲಕಿ ಸುನೀತಿ ಉಳ್ಳಾಗಡ್ಡಿ, ಬೆಟಗೇರಿಯವರು,
ಬಿಳಿ ನಿಲುವಂಗಿಯ ಕೆಳಗೆ ಸ್ಪೋರ್ಟ್ಸ್ ಶೂ.
ನಾನು ಮಿಸುಕಲಿಲ್ಲ. ಸ್ವರ ಮಾತ್ರ ಯಾವ ಊರಿನದು?
ಜರ್ಮನ್ ರಾಗಕ್ಕೆ ನಮ್ಮ ಹಿರಿಯರು ಕನ್ನಡವನ್ನು
ಎಳೆದೆಳೆದು, ಲಘುವನ್ನು ಗುರು ಮಾಡಿ ಹೊಂದಿಸಿದ್ದೇ ಅಲ್ಲವೇ
ಕಣ್ಣು ಮುಚ್ಚಿ 'ನಮ್ಮದು' ಎನ್ನುವ ಈ ಹಾಡು?

ಡ್ರಮ್ಮಿನ ವಿಷಯ ಬೇರೆ.
ನಿಶಾಂತ ಕರ್ಕಡ ಬಾರಿಸುವಾಗ ಕಿಟಕಿಯ ಗಾಜೂ ಹಲ್ಲೆಲೂಯ ಅನ್ನುತ್ತದೆ.
ದಯಾಮಣಿಬಾಯಿ ಶ್ರವಣಯಂತ್ರ ತೆಗೆದು ಪರ್ಸಿಗೆ ಹಾಕುತ್ತಾರೆ,
ಮುಗುಳ್ನಗುತ್ತಲೇ ಹಾಡುತ್ತಾರೆ, ತಮ್ಮದೇ ತಾಳದಲ್ಲಿ.
ಮೆಗಾ ಬ್ಲಾಕ್ ಇದ್ದ ದಿನ ಕಲ್ಯಾಣ, ಅಂಬರ್‌ನಾಥದವರಿಗೆ
ಫೋನಿನಲ್ಲೇ ಆರಾಧನೆ; ಕಾಣಿಕೆ ಕ್ಯೂಆರ್ ಕೋಡಿಗೆ.
ತಟ್ಟೆಗೆ ಬಿದ್ದ ನಾಣ್ಯದ ಸದ್ದಿನಿಂದಲೇ
ಯಾರದು ಎಷ್ಟು ಎಂದು ಹೇಳುತ್ತಿದ್ದ ನಮ್ಮ ಖಜಾಂಚಿ
ಈಗ, ಪಾಪ, ಸುಮ್ಮನೆ ಪ್ರಾರ್ಥಿಸಬೇಕಾಗಿದೆ.

ಕಮಿಟಿಯ ಏಳನೇ ವಿಷಯ ಮಾತ್ರ ನಗೆಯದ್ದಲ್ಲ.
ದಯಾಮಣಿಬಾಯಿಯ ಮೊಮ್ಮಗ ಕೋರ್ಟಿನಲ್ಲಿ ಮದುವೆಯಾದ.
ಹುಡುಗಿ ವೃಷಾಲಿ, ಕಾಳಾಚೌಕಿಯವಳು,
ತವರಿನಲ್ಲಿ ಗಣಪತಿ ಐದು ದಿನ ಕೂರುತ್ತಾನೆ.
ದೀಕ್ಷಾಸ್ನಾನ ಆಗಿಲ್ಲ, ಆಗುತ್ತೇನೆಂದೂ ಹೇಳಿಲ್ಲ,
ಆದರೂ ಬರುತ್ತಾಳೆ, ಗಂಡ ಬಾರದ ಭಾನುವಾರವೂ.
ಕೇಳಿದ್ದು ಇಷ್ಟೇ:
ಅಜ್ಜಿಯ ಕೈಹಿಡಿದು ಕರ್ತನ ಮೇಜಿನ ತನಕ ಕರೆದೊಯ್ದಾಗ
ತಾನೂ ಪಕ್ಕದಲ್ಲಿ ಮಂಡಿಯೂರಬಹುದೇ.
ರೊಟ್ಟಿ ಬೇಡ, ಆಶೀರ್ವಾದ ಸಾಕು.

ಪರ ಐದು, ವಿರೋಧ ಐದು.
ಸಭಾಪಾಲಕಿ ತಮ್ಮ ಮತ ಹಾಕದೆ ನನ್ನತ್ತ ನೋಡಿದರು.
ಹನ್ನೊಂದನೆಯ ಕೈ ನನ್ನದು; ತೊಡೆಯ ಮೇಲೇ ಇತ್ತು.
'ಮುಂದಿನ ಸಭೆಗೆ' ಎಂದು ಬರೆದುಕೊಂಡರು.
ಅಪ್ಪನ ಅಜ್ಜ ಮುಲ್ಕಿಯಲ್ಲಿ ಜಾತಿ ಬಿಟ್ಟ ರಾತ್ರಿ
ಊರ ಬಾವಿಯ ಹಗ್ಗ ಯಾರೋ ಬಿಚ್ಚಿಟ್ಟಿದ್ದರಂತೆ.
ಈ ಕತೆಯನ್ನು ಸಂಡೇಸ್ಕೂಲಿನ ಮಕ್ಕಳಿಗೆ
ಪ್ರತಿ ವರ್ಷ ಹೇಳುವವನೂ ನಾನೇ.

ಮರುವಾರ
೨೯ರ ಜಾಗದಲ್ಲಿ ೨೬ ಸಿಕ್ಕಿಸಿಬಿಟ್ಟೆ.
ಎಪ್ಪತ್ತು ಜನ, ಎಲ್ಲರ ಕಣ್ಣೂ ಪರದೆಯತ್ತ.
ಆರಾಧನೆ ಮುಗಿದ ಮೇಲೆ ಕೊನೆಯ ಬೆಂಚಿನಿಂದ ವೃಷಾಲಿ ಬಂದು
'ಕಾಕಾ, ನಊ ಪಾಹಿಜೆ ನಾ? ಹೇ ಸಹಾ ಆಹೇ' ಅಂದಳು.
ಹೌದಲ್ಲ! ಆರು ಒಂಬತ್ತು ಎರಡೂ ಒಂದೇ ತಾಯಿ ಮಕ್ಕಳು,
ಬಾಲ ತಿರುಗಿದ ಕಡೆಯಷ್ಟೇ ಬೇರೆ.
ಎಲ್ಲಿ ಕಲಿತೆ ಈ ಅಂಕಿ?

ನೀವೆಲ್ಲ ಎದ್ದು ಮೇಜಿನ ಹತ್ತಿರ ಹೋಗುವಾಗ
ಕೂತಲ್ಲೇ ಕೂತು ಮಾಡುವುದಾದರೂ ಏನು,
ಪುಸ್ತಕಕ್ಕೂ ಹಲಗೆಗೂ ತಾಳೆ ನೋಡುತ್ತಿದ್ದೆ, ಎಂದಳು.
ದೂರಿನ ದನಿಯಲ್ಲಲ್ಲ.

ಮತ್ತೆ ಸ್ಟೂಲು ಹತ್ತಿದೆ. ಅದಕ್ಕೊಂದು ಕಾಲು ಗಿಡ್ಡ;
ಅವಳು ಹಿಡಿದುಕೊಂಡಳು.
ಆರು ತೆಗೆದೆ, ಒಂಬತ್ತು ಹಾಕಿದೆ,
ಹಾಡಿ ಮುಗಿದ ಹಾಡಿಗೆ, ಖಾಲಿ ಬೆಂಚುಗಳೆದುರು.
ಇಳಿಯಲು ಹೆಗಲು ಕೊಟ್ಟಳು.

ಮುಂದಿನ ಸಭೆ ಹದಿನೆಂಟನೇ ತಾರೀಕು,
ಆರಾಧನೆಯ ನಂತರ. ಚಹಾ ಇರುತ್ತದೆ.