ಆಲೂಗಡ್ಡೆ ರಜೆ

ಅಕ್ಟೋಬರಿನ ಈ ಎರಡು ವಾರಕ್ಕೆ
ಇಲ್ಲಿ ಇನ್ನೂ ಅದೇ ಹೆಸರು: ಆಲೂಗಡ್ಡೆ ರಜೆ.
ಹೊಲಕ್ಕೆ ಹೋಗುವ ಮಕ್ಕಳು ಈಗಿಲ್ಲ, ಯಂತ್ರ ಬಂದು
ಎಷ್ಟೋ ಕಾಲವಾಯಿತು. ರಜೆ ಮಾತ್ರ
ಯಾರೂ ವಾಪಸು ಕೇಳದ ಕೈಗಡದ ಹಾಗೆ
ಮಕ್ಕಳ ಬಳಿಯೇ ಉಳಿದುಬಿಟ್ಟಿದೆ.

ಫಾರ್ಫರಿನ ಚರ್ಚಿನ ಹಿಂದಿನ ಹಾಲಿಗೆ
ನಾನು ಬೀಗದ ಕೈಯವನು.
ಒಂಬತ್ತಕ್ಕೆ ಬಾಗಿಲು ತೆರೆದು, ಹೀಟರ್ ಹಚ್ಚಿ
ಹನ್ನೊಂದು ಲ್ಯಾಪ್‌ಟಾಪಿಗೆ ಆರು ಪ್ಲಗ್ಗು ಹಂಚುವುದು
ನನ್ನ ಪಾಲಿನ ಗಣಿತ.

ಕಲಿಸುವವಳು ಕರ್ಸ್ಟಿ. ಡಂಡೀಯಿಂದ ಬಸ್ಸಿನಲ್ಲಿ ಬರುತ್ತಾಳೆ,
ಕೂದಲ ತುದಿಗೆ ಹಸಿರು, ಚೀಲದಲ್ಲಿ ಕಪ್ಪಾದ ಬಾಳೆಹಣ್ಣು.
"ಕಂಪ್ಯೂಟರು ಪೆದ್ದು," ಎಂದಳು ಮೊದಲ ದಿನ,
"ಹೇಳಿದ್ದಷ್ಟೇ ಮಾಡುತ್ತದೆ. ಆದರೆ ಹೇಳಿದ್ದನ್ನು
ಮಾಡಿಯೇ ತೀರುತ್ತದೆ."
ಹನ್ನೊಂದು ಮಕ್ಕಳೂ ಮುಖ ಮುಖ ನೋಡಿಕೊಂಡರು,
ಹುಟ್ಟಿದಾಗಿನಿಂದ ಇಂಥದ್ದೊಂದಕ್ಕೇ
ಕಾದು ಕೂತವರ ಹಾಗೆ.

ಆಮೇಲೆ ಕಿತ್ತಳೆ ತುಂಡಿಗೆ ನೀಲಿ ತುಂಡು ಕಚ್ಚಿಸಿ
ಒತ್ತಿದರೆ. ತಾಗಿದರೆ. ಬಿದ್ದರೆ. ಗೆದ್ದರೆ.
ಆ 'ರೆ' ಎಂಬ ಒಂದೇ ಅಕ್ಷರಕ್ಕೆ ಜೋತುಬಿದ್ದಿದೆ
ಇವರು ಕಟ್ಟುವ ಲೋಕವೆಲ್ಲ.
ನನ್ನದೂ ಅಷ್ಟೇ ಅನ್ನಿ,
ನನ್ನದರಲ್ಲಿ 'ಆದರೆ' ಸ್ವಲ್ಪ ಹೆಚ್ಚು.

ಫಿನ್ಲೆಯ ಬೆಕ್ಕು ನೆಲ ತೂರಿ ಹೋಯಿತು ಸೋಮವಾರ,
ಬುಧವಾರದವರೆಗೂ ಬೀಳುತ್ತಲೇ ಇತ್ತು.
ನೆಲಕ್ಕೆ, ನೀನು ನೆಲ ಅಂತ
ಯಾರೂ ಹೇಳಿರಲಿಲ್ಲವಂತೆ.
ಸ್ಟ್ರಾಬೆರಿ ತೋಟಕ್ಕೆ ದುಡಿಯಲು ಬಂದವರ ಮಗಳು ಹಾನ್ಯಾ
ತನ್ನ ಮೊಲಕ್ಕೆ ಒಂಬೈನೂರು ಪ್ರಾಣ ಕೊಟ್ಟಳು.
ಎಲ್ಲರೂ ಮೂರು ಕೊಡ್ತಾರಲ್ಲ, ನಿಂದೇಕೆ ಅಷ್ಟು?
"ಬೇಕಾಗುತ್ತೆ," ಎಂದಳು. ತಲೆ ಎತ್ತಲಿಲ್ಲ.

ಐಲಿಯದು ಆಲೂಗಡ್ಡೆ ಆಟ.
ಆಕಾಶದಿಂದ ದಬದಬ ಗಡ್ಡೆ ಉದುರುತ್ತವೆ,
ಬುಟ್ಟಿ ಓಡಾಡಿಸಿ ಹಿಡಿಯಬೇಕು. ಎಂಟು ವರ್ಷದ ಹುಡುಗಿ,
ನಾಲಗೆ ತುದಿ ಕಚ್ಚಿಕೊಂಡು ನಾಲ್ಕು ದಿನ ಕೂತಿದ್ದಾಳೆ.

ಶುಕ್ರವಾರ ಮನೆಯವರು ನೋಡಲು ಬರುವ ದಿನ.
ಅವಳ ಅಜ್ಜಿ ಇಷ್ಬೆಲ್ ಕೋಟು ಕಳಚದೆ ಕೂತು
ಪರದೆಯನ್ನು ಬಹಳ ಹೊತ್ತು ನೋಡಿದಳು.
ಒಂದು ಗಡ್ಡೆಯನ್ನೂ ಹಿಡಿಯಲಿಲ್ಲ.
"ಅಲ್ಲ ಮರಿ, ಮೇಲಿಂದ ಯಾಕೆ ಬೀಳುತ್ತೆ ಇದು?"

ಹಾಲಿನಲ್ಲಿ ಯಾರೋ ಕೆಮ್ಮಿದರು.
"ನಾನು ನಿನಗಿಂತ ಎರಡು ವರ್ಷ ದೊಡ್ಡವಳಿದ್ದೆ.
ಕೋಲು ನೆಟ್ಟು ಹೆಜ್ಜೆಯಲ್ಲಿ ಅಳೆದು
ಒಬ್ಬೊಬ್ಬರಿಗೆ ಒಂದು ತುಂಡು ಸಾಲು ಕೊಡೋರು,
ಅದಕ್ಕೆ ಬಿಟ್ ಅಂತಿದ್ವಿ. ನನ್ನ ಬಿಟ್ಟು, ನಿನ್ನ ಬಿಟ್ಟು.
ಬಗ್ಗಿದವರು ಸಂಜೆಗೇ ನೆಟ್ಟಗಾಗೋದು.
ಉಗುರಿನ ಮಣ್ಣು ಕ್ರಿಸ್ಮಸ್ಸಿಗೂ ಹೋಗ್ತಿರಲಿಲ್ಲ."
"ನಾವೂ ಬಿಟ್ ಅಂತೀವಿ," ಎಂದಳು ಕರ್ಸ್ಟಿ ಮೆಲ್ಲಗೆ,
"ಇದರೊಳಗಿನ ತೀರಾ ಸಣ್ಣ ಚೂರಿಗೆ."
"ಸಣ್ಣದಾ?" ಎಂದಳು ಅಜ್ಜಿ. "ನಮ್ಮದು ಉದ್ದ ಇತ್ತು."

ಐಲಿ ಅಳುತ್ತಾಳೆ ಅಂದುಕೊಂಡೆ.
ಅವಳು ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು
ಗಡ್ಡೆಗಳನ್ನು ಕೆಳಕ್ಕಿಳಿಸಿ, ಕಂದು ಬಣ್ಣ ಬಳಿದು,
ಒಂದು ಅಂಕಿಯ ಹಿಂದಿದ್ದ ಕಳೆಯುವ ಗೆರೆ ಅಳಿಸಿದಳು.
ಅಷ್ಟೇ. ಆ ಸಣ್ಣ ಅಡ್ಡಗೆರೆ.
ಮಣ್ಣೊಳಗಿಂದ ಒಂದೊಂದಾಗಿ
ಗಡ್ಡೆಗಳು ಮೇಲೇಳತೊಡಗಿದವು.
ಅಜ್ಜಿ ಕೋಟು ಕಳಚಿದಳು.

ಐದಕ್ಕೆ ಎಲ್ಲರೂ ಹೋದರು. ನೆಲ ಗುಡಿಸಿ ನೋಡಿದರೆ
ಮೂಲೆಯದೊಂದು ಇನ್ನೂ ಉರಿಯುತ್ತಿದೆ.
ನಿಲ್ಲು ಅಂತ ಹೇಳುವುದನ್ನು ಹುಡುಗಿ ಮರೆತಿದ್ದಾಳೆ,
ಪೆದ್ದು ಕಂಪ್ಯೂಟರು ಬೆಳೆಯುತ್ತಲೇ ಇದೆ,
ಆಯುವವರಿಲ್ಲದೆ ಪರದೆ ತುಂಬ ಗಡ್ಡೆ.
ಪೊರಕೆ ಗೋಡೆಗೆ ಒರಗಿಸಿ, ಸುತ್ತ ಒಮ್ಮೆ ನೋಡಿ,
ಕೂತೆ. ಸೊಂಟ ಮುರುಕು ಕುರ್ಚಿಗೆ ಬಗ್ಗಿತು.
ಒಂದು ಬುಟ್ಟಿ. ಎರಡು.
ಹೀಟರ್ ಆರಿಸಿದ್ದೆ, ಆದರೂ.